ಡಿಗ್ರಿ ಇಲ್ಲದವರು ಮನಸ್ಸಿನ ಗಾಯಕ್ಕೆ ನೆರವಾಗಬಹುದಾ?

ಪ್ರಶ್ನೆ: ಪ್ರವಾಹ ಇಳಿದು ನಾಲ್ಕು ತಿಂಗಳಾಯಿತು. ಮನೆಗಳ ರಿಪೇರಿ ನಡೆಯುತ್ತಿದೆ, ಆದರೆ ಮಳೆ ಸದ್ದು ಕೇಳಿದರೆ ಈಗಲೂ ಎಷ್ಟೋ ಜನ ರಾತ್ರಿ ಎದ್ದು ಕೂರುತ್ತಾರೆ. ಮಹಿಳಾ ಸಂಘದವರು, ಶಿಕ್ಷಕರು, ಯುವಕರನ್ನು ಸೇರಿಸಿ ಎರಡು ದಿನದ ತರಬೇತಿ ಮಾಡಬೇಕೆಂದಿದ್ದೇವೆ. ಯಾರೂ ಮನಃಶಾಸ್ತ್ರ ಓದಿದವರಲ್ಲ. ಇವರಿಂದ ಆಗುತ್ತದಾ? ಏನು ಕಲಿಸಬೇಕು?

ಉತ್ತರ: ಖಂಡಿತ ಆಗುತ್ತದೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಅಜ್ಜಿಯರ ಜೊತೆ ‘ಫ್ರೆಂಡ್‌ಶಿಪ್ ಬೆಂಚ್’ ಶುರು ಮಾಡಿದರು. ಕ್ಲಿನಿಕ್ ಹೊರಗಿನ ಬೆಂಚಿನ ಮೇಲೆ ಕೂತು, ಬಂದವರ ಕಷ್ಟ ಕೇಳಿ, ಅದರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ದಾರಿ ಹುಡುಕಲು ಜೊತೆಯಾಗುವುದು ಈ ಅಜ್ಜಿಯರ ಕೆಲಸ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ನೋಡಿದಾಗ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಬೆಂಚಿಗೆ ಬಂದವರಲ್ಲಿ ಖಿನ್ನತೆ, ಆತಂಕ ಕಡಿಮೆ ಇತ್ತು. ಆದರೆ ಅವರಿಗೆ ತರಬೇತಿ ಕೊಟ್ಟು ಸುಮ್ನೆ ಕೈಬಿಟ್ಟಿರಲಿಲ್ಲ, ಮೇಲ್ವಿಚಾರಣೆ ಇತ್ತು. ನಿಮ್ಮ ಯೋಜನೆಯಲ್ಲಿ ನನಗೆ ಕಾಣದೇ ಇರುವುದು ಇದೇ.

ಒಂದು ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಎಲ್ಲರನ್ನೂ ಸುತ್ತ ಕೂರಿಸಿ "ಆ ರಾತ್ರಿ ಏನಾಯಿತು, ಹೇಳಿ" ಎಂದು ಒಬ್ಬೊಬ್ಬರಿಂದಲೂ ಹೇಳಿಸಬೇಡಿ. ಅತ್ತರೆ ಹಗುರವಾಗುತ್ತಾರೆ ಅಂತ ತುಂಬಾ ಜನ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುತ್ತಾರೆ. ಆದರೆ ಘಟನೆಯಾದ ಹೊಸತರಲ್ಲಿ ಒಂದೇ ಸಲ ಕೂರಿಸಿ ಎಲ್ಲಾ ಹೇಳಿಸುವ ಈ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೆಲವರಿಗೆ ಇದರಿಂದ ನೋವು ಜಾಸ್ತಿಯಾಗಬಹುದು. ತಾವಾಗಿಯೇ ಹೇಳಿದರೆ ಕೇಳಬೇಕು, ಹೇಳದಿದ್ದರೆ ಕೆದಕಬಾರದು.

ಅದೇ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡುವುದು, ಕೇಳುವುದು, ಬೇಕಾದ ನೆರವಿನ ಜೊತೆ ಜೋಡಿಸುವುದು. ಎರಡನೆಯದಕ್ಕೇ ಹೆಚ್ಚು ಸಮಯ ಕೊಡಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ತಮ್ಮದೊಂದು ಸಣ್ಣ ಚಿಂತೆಯನ್ನು ಮೂರು ನಿಮಿಷ ಹೇಳಲಿ, ಇನ್ನೊಬ್ಬರು ಸಲಹೆ ಕೊಡದೆ ಕೇಳಲಿ. ಮೂರು ನಿಮಿಷ ಮುಗಿಯುವುದರೊಳಗೆ "ಧೈರ್ಯ ತಂದುಕೊಳ್ಳಿ", "ಅದನ್ನೆಲ್ಲ ಮರೆತುಬಿಡಿ" ಅಂತ ಬಾಯಿಗೆ ಬಂದೇ ಬರುತ್ತದೆ. ಅಲ್ಲಿ ನಿಲ್ಲಿಸಿ, ಹೇಳುತ್ತಿದ್ದವರಿಗೆ ಆ ಮಾತು ಕೇಳಿ ಹೇಗನ್ನಿಸಿತು ಎಂದು ವಿಚಾರಿಸಿ. ಆಮೇಲೆ "ಈಗ ನಿಮಗೆ ಏನು ಬೇಕು?" ಎಂದು ಕೇಳುವುದನ್ನು ರೂಢಿ ಮಾಡಿಸಿ. ಬರುವ ಉತ್ತರ ಕಳೆದುಹೋದ ಕಾರ್ಡು, ಪರಿಹಾರದ ಅರ್ಜಿ, ಮಗುವಿನ ಔಷಧಿ ಆಗಿರಬಹುದು, ಅದನ್ನು ಮಾಡಿಸಿಕೊಡುವುದೂ ಮನಸ್ಸಿಗೆ ಮಾಡುವ ಆರೈಕೆಯೇ ಅಲ್ವಾ.

ಗಾಬರಿಯಲ್ಲಿ ಉಸಿರು ಬಿಗಿಹಿಡಿದವರಿಗೆ ಪಾದ ನೆಲಕ್ಕೆ ಊರಿ, ಉಸಿರನ್ನು ನಿಧಾನವಾಗಿ ಬಿಟ್ಟು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಲು ತಿಳಿಸಬಹುದು. ಇದನ್ನು ಕಲಿಸಲು ಅರ್ಧ ಗಂಟೆ ಸಾಕು.

ತಮ್ಮ ಮಿತಿಯೂ ತರಬೇತಿ ಪಡೆದವರಿಗೆ ಗೊತ್ತಿರಬೇಕು. ಹೆಚ್ಚಿನವರು ಮನೆಯವರ, ನೆರೆಯವರ ಆಸರೆಯಲ್ಲಿ ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ಆದರೆ ತಿಂಗಳು ಕಳೆದರೂ ಅದೇ ಕೆಟ್ಟ ಕನಸು, ಅದೇ ಬೆಚ್ಚಿಬೀಳುವುದು ನಿಲ್ಲದೆ ದಿನದ ಕೆಲಸವೇ ಆಗದಿದ್ದರೆ, ಕುಡಿತ ಹೆಚ್ಚಿದರೆ, ಡಾಕ್ಟರ ಹತ್ತಿರ ಕಳಿಸಬೇಕು. ನಿಮ್ಮಲ್ಲಿ ನಾಲ್ಕು ತಿಂಗಳಾಗಿದೆ, ಅಂಥವರನ್ನು ಈಗಲೇ ಗುರುತಿಸಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಕರೆದುಕೊಂಡು ಹೋಗಬೇಕು. ಯಾವ ಆಸ್ಪತ್ರೆ, ಯಾವ ನಂಬರು ಅನ್ನುವುದನ್ನು ತರಬೇತಿಗೆ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಇಂಥದ್ದೇ ತರಬೇತಿ ಪಡೆದು ಕೆಲಸ ಮಾಡುತ್ತಿದ್ದೇನೆ. ಎಲ್ಲರ ಕಥೆ ಕೇಳಿ ಕೇಳಿ ಈಗ ನನಗೇ ನಿದ್ದೆ ಬರುತ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ?

ಉತ್ತರ: ಹಾಗಂದುಕೊಳ್ಳಬೇಡಿ. ಬೇರೆಯವರ ಆಘಾತದ ಮಾತನ್ನು ದಿನಾ ಕೇಳುವವರಿಗೆ ಹೀಗಾಗುವುದು ಗೊತ್ತಿರುವ ವಿಷಯವೇ. ಸ್ವಲ್ಪ ದಿನ ಹೊಸಬರ ಜವಾಬ್ದಾರಿ ತೆಗೆದುಕೊಳ್ಳಬೇಡಿ. ತರಬೇತಿ ಕೊಟ್ಟವರಿಗೆ ನೇರವಾಗಿ ಹೇಳಿ: ಹದಿನೈದು ದಿನಕ್ಕೊಮ್ಮೆ ನಾವೆಲ್ಲ ಕೂತು, ಕಥೆ ಹೇಳಿದವರ ಹೆಸರು ಹೇಳದೆ ನಮ್ಮ ಕಷ್ಟ ಹಂಚಿಕೊಳ್ಳಲು ಒಬ್ಬ ಅನುಭವಿ ಆಪ್ತಸಮಾಲೋಚಕರು ಬೇಕು ಅಂತ. ಅದನ್ನು ಕೊಡುವುದು ಅವರ ಕರ್ತವ್ಯ, ಕೇಳಲು ಸಂಕೋಚಪಡಬೇಡಿ. ನಿದ್ದೆ ಹೀಗೇ ಕೆಡುತ್ತಿದ್ದರೆ ನೀವೂ ಡಾಕ್ಟರನ್ನು ನೋಡಿ.