ಮದುವೆ ಫೋಟೋದಲ್ಲಿ ಈಗ ಯಾವ ಸ್ಟೈಲ್ ಓಡ್ತಿದೆ?

ಚುಟುಕಾಗಿ ಹೇಳಬೇಕಂದ್ರೆ ಪೋಸ್ ಕಡಿಮೆ, ಸಹಜ ಕ್ಷಣ ಜಾಸ್ತಿ. ಇದನ್ನು ಡಾಕ್ಯುಮೆಂಟರಿ ಸ್ಟೈಲ್ ಅಂತಾರೆ. ಫೋಟೋಗ್ರಾಫರ್ "ಇಲ್ಲಿ ನೋಡಿ, ನಗಿ" ಅನ್ನುವುದಿಲ್ಲ, ಪಕ್ಕದಲ್ಲಿ ನಿಂತು ಕಾಯುತ್ತಾರೆ. ಮದುಮಗಳ ಅಪ್ಪ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಳ್ಳುವುದು, ಗಲಾಟೆ ನಡುವೆಯೇ ಕುರ್ಚಿ ಮೇಲೆ ನಿದ್ದೆಹೋದ ಮಗು, ಇಂಥವೇ ಆಲ್ಬಮ್ಮಿನ ಜೀವ.

ಫಿಲ್ಮ್ ಲುಕ್, ಅಂದ್ರೆ ಹಳೇ ರೋಲ್ ಕ್ಯಾಮೆರಾದ ಫೋಟೋದಂಥ ನೋಟ ಕೂಡ ವಾಪಸ್ ಬಂದಿದೆ. ಕೆಲವರು ನಿಜವಾಗಿಯೂ 35 ಎಂಎಂ ರೋಲ್ ಹಾಕಿ ತೆಗೆಯುತ್ತಾರೆ. ಒಂದು ರೋಲಿಗೆ ಸಾಮಾನ್ಯವಾಗಿ 36 ಫೋಟೋ ಅಷ್ಟೇ, ಹಾಗಾಗಿ ಜೊತೆಗೆ ಡಿಜಿಟಲ್ ಇದ್ದೇ ಇರುತ್ತದೆ. ಉಳಿದವರು ಎಡಿಟಿಂಗಿನಲ್ಲಿ ಗ್ರೇನ್ (ಫಿಲ್ಮ್ ಫೋಟೋದಲ್ಲಿ ಕಾಣುವ ಸಣ್ಣ ಕಾಳುಕಾಳು) ಸೇರಿಸಿ ಸುಮ್ನಾಗುತ್ತಾರೆ!

ನನಗೆ ಇಷ್ಟವಾದದ್ದು ಬೇಕಂತಲೇ ಮಾಡುವ ಬ್ಲರ್. ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆಯಾದ ಶಟರನ್ನು 1/10 ಸೆಕೆಂಡಿನಷ್ಟು ನಿಧಾನ ಮಾಡಿದರೆ ಕುಣಿಯುವವರ ಕೈ, ಹಿಂದಿನ ದೀಪಗಳು ಗೆರೆಗೆರೆಯಾಗಿ ಎಳೆದುಕೊಳ್ಳುತ್ತವೆ. ಶಟರ್ ಇನ್ನೇನು ಮುಚ್ಚಬೇಕು ಅನ್ನುವಾಗ ಫ್ಲ್ಯಾಶ್ ಮಿಂಚಿದರೆ ಮುಖ ಸ್ಪಷ್ಟವಾಗಿ ನಿಲ್ಲುತ್ತದೆ. ಇದಕ್ಕೆ ರಿಯರ್ ಕರ್ಟನ್ ಸಿಂಕ್ ಅಂತ ಹೆಸರು. ತೆಗೆದದ್ದೆಲ್ಲ ಚೆನ್ನಾಗಿ ಬರಲ್ಲ, ಅದಕ್ಕೇ ಮುಖ್ಯ ಶಾಸ್ತ್ರದ ಹೊತ್ತಲ್ಲಿ ಈ ಪ್ರಯೋಗ ಬೇಡ.

ಮುಖಕ್ಕೇ ಬೆಳಕು ಹೊಡೆಯುವ ನೇರ ಫ್ಲ್ಯಾಶ್, ಅದೇ ದಿನ ಕೈಗೆ ಸಿಗುವ ಮೊಬೈಲ್ ರೀಲ್ಸ್, ಇವೂ ಜೋರಾಗಿವೆ. ಟ್ರೆಂಡ್ ಯಾವುದೇ ಇರಲಿ, ಬುಕ್ ಮಾಡುವ ಮುಂಚೆ ಒಂದೇ ಮದುವೆಯ ಪೂರ್ತಿ ಆಲ್ಬಮ್ ತೋರಿಸಿ ಅಂತ ಕೇಳಿ. ಇನ್‌ಸ್ಟಾಗ್ರಾಮಿನಲ್ಲಿ ಇರುವುದು ಆರಿಸಿ ಹಾಕಿದ್ದು, ಅಲ್ವಾ? ಮನೆಮಂದಿಯ ಗ್ರೂಪ್ ಫೋಟೋಗಳ ಪಟ್ಟಿಯನ್ನೂ ಮೊದಲೇ ಕೊಟ್ಟುಬಿಡಿ.