ಬಸ್ಕಿಯಲ್ಲಿ ಮಂಡಿ ಪಕ್ಕ ಟಕ್ ಅನ್ನುವುದು

ಪೂರ್ತಿ ಕೆಳಗೆ ಕೂತಾಗ ಮಂಡಿಯ ಹೊರಬದಿ ಟಕ್ ಅಂತ ಏನೋ ಜಾರುತ್ತದೆ, ನೋವಿಲ್ಲ ಅಂದಿದ್ದೀರಿ. ಬಹುಶಃ ಅದು ತೊಡೆಯ ಹಿಂಭಾಗದ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ‘ನರ ಹೊರಳಿತು’ ಅಂತೀವಲ್ಲ, ಹಾಗೆ.

ಮೊದಲು ಖಚಿತ ಮಾಡಿಕೊಳ್ಳಿ. ಕುರ್ಚಿ ಮೇಲೆ ಕೂತು, ಮಂಡಿಯ ಹೊರಬದಿ ಸ್ವಲ್ಪ ಹಿಂದೆ ಬೆರಳಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಿರಿ. ಹಗ್ಗದ ಹಾಗೆ ಬಿಗಿಯಾಗುತ್ತದೆ ಅಲ್ವಾ? ಅದೇ ಟೆಂಡನ್. ಅದರ ತುದಿಯಲ್ಲಿ ಸಿಗುವ ಗಂಟು ಫಿಬುಲಾ (ಮಂಡಿ ಕೆಳಗೆ ಹೊರಬದಿಯ ತೆಳು ಮೂಳೆ) ಮೂಳೆಯ ತಲೆ. ಈಗ ಬೆರಳನ್ನು ಅಲ್ಲೇ ಇಟ್ಟು ನಿಧಾನವಾಗಿ ಬಸ್ಕಿಗೆ ಇಳಿಯಿರಿ. ಹಗ್ಗ ಆ ಗಂಟಿನ ಮೇಲೆ ಹಾರಿದರೆ ಕಾರಣ ಸಿಕ್ಕಿತು.

2-3 ವಾರ ಬಸ್ಕಿಯಲ್ಲಿ ಹೊರುವ ಭಾರ ಕಡಿಮೆ ಮಾಡಿ, ಟಕ್ ಅನ್ನುವ ಮಟ್ಟಕ್ಕಿಂತ ಸ್ವಲ್ಪ ಮೇಲೇ ನಿಲ್ಲಿಸಿ. ಪಾದವನ್ನು ತುಸು ಹೊರಗೆ ತಿರುಗಿಸಿ ನೋಡಿ. ನನಗೆ ಅದರಿಂದಲೇ ಕಡಿಮೆಯಾಯಿತು, ಆದರೆ ಎಲ್ಲರಿಗೂ ಒಂದೇ ಕೋನ ಹೊಂದುವುದಿಲ್ಲ. ಮಂಡಿ ಪಾದದ ನೇರಕ್ಕೇ ಹೋಗಲಿ. ಆಮೇಲೆ ಇಷ್ಟಿಷ್ಟೇ ಆಳಕ್ಕೆ ಇಳಿಯಿರಿ. ನೋವಿಲ್ಲದ ಬರೀ ಶಬ್ದಕ್ಕೆ ಸುಮ್ನೆ ಹೆದರಬೇಡಿ, ಕೀಲು ಸವೆಯುತ್ತಿದೆ ಅಂತ ಅರ್ಥವಲ್ಲ.

ಹೊರಬದಿಯ ಮೆನಿಸ್ಕಸ್ (ಮಂಡಿ ಕೀಲಿನೊಳಗಿನ ಮೆತ್ತೆ) ಹರಿದಿದ್ದರೂ ಹೀಗೆ ಆಗಬಹುದು. ಹಾಗಾಗಿ ನೋವು, ಊತ, ಮಂಡಿ ಸಿಕ್ಕಿಕೊಳ್ಳುವುದು, ಪಾದದ ಮೇಲೆ ಜೋಮು, ಇವುಗಳಲ್ಲಿ ಒಂದು ಕಂಡರೂ ಬಸ್ಕಿ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.