ನಡುಗುವ ಕೈಗೆ ಒಗ್ಗುವ ಕೀಲಿಮಣೆ

ಪ್ರಶ್ನೆ: ನನಗೆ 63 ವರ್ಷ, ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷಗಳಿಂದ ಕೈ ನಡುಗುತ್ತಿದೆ; ಸುಮ್ಮನೆ ಕುಳಿತಾಗ ಅಷ್ಟಿಲ್ಲ, ಏನಾದರೂ ಮಾಡಹೋದರೆ ಹೆಚ್ಚು. ವಿಂಡೋಸ್ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಬಳಸಿ ಟೈಪ್ ಮಾಡುವಾಗ ಒಂದು ಅಕ್ಷರ ಎರಡಾಗಿ ಬೀಳುತ್ತದೆ, ಡಬಲ್ ಕ್ಲಿಕ್ ಮಾಡಿದರೆ ಫೈಲು ತೆರೆಯದೆ ಪಕ್ಕಕ್ಕೆ ಸರಿಯುತ್ತದೆ. ಉಪಾಯವೇನು?
– ಓದುಗರೊಬ್ಬರು, ತಿಪಟೂರು

ಉತ್ತರ: ದುಡ್ಡು ಕೊಟ್ಟು ಏನನ್ನೂ ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಸೌಲಭ್ಯಗಳನ್ನು ಬಳಸಿ ನೋಡಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕೀಬೋರ್ಡ್ ಎಂಬಲ್ಲಿಗೆ ಹೋದರೆ ಫಿಲ್ಟರ್ ಕೀಸ್ ಸಿಗುತ್ತದೆ. ಅದರೊಳಗಿನ ಬೌನ್ಸ್ ಕೀಸ್ ಚಾಲೂ ಮಾಡಿದರೆ, ನಿಗದಿತ ಅವಧಿಯೊಳಗೆ ಅದೇ ಕೀಲಿಯನ್ನು ಬೆರಳು ಮತ್ತೆ ತಟ್ಟಿದರೂ ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧ ಸೆಕೆಂಡಿನಿಂದ ಆರಂಭಿಸಿ. ನುಡಿಯ ವಿನ್ಯಾಸದಲ್ಲಿ 'ಅಮ್ಮ' ಬರೆಯುವಾಗ ಎರಡು ಮಕಾರಗಳ ನಡುವೆ ಒತ್ತಿಗೆಂದು ಎಫ್ ಕೀಲಿ ಬರುವುದರಿಂದ ತೊಂದರೆಯಿಲ್ಲ, ಆದರೆ 'ನನಗೆ' ಎಂಬಲ್ಲಿ ಒಂದೇ ಕೀಲಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕಾದ್ದರಿಂದ ನಡುವೆ ಕ್ಷಣಕಾಲ ತಡೆಯಬೇಕಾಗುತ್ತದೆ. ಪಕ್ಕದ ಕೀಲಿಗಳಿಗೂ ಬೆರಳು ತಗಲುತ್ತಿದ್ದರೆ ಸ್ಲೋ ಕೀಸ್ ಬಳಸಿ. ಆಗ ಸ್ವಲ್ಪ ಹೊತ್ತು ಒತ್ತಿ ಹಿಡಿದ ಕೀಲಿಯಷ್ಟೇ ಮೂಡುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದಕ್ಕಿಂತಲೂ ಹೆಚ್ಚು ನೆರವಾಗುವುದು ಸ್ಟಿಕಿ ಕೀಸ್ ಎಂಬುದು ನನ್ನ ಅಭಿಪ್ರಾಯ. ದೀರ್ಘಗಳಿಗೂ ಮಹಾಪ್ರಾಣಗಳಿಗೂ ಣ, ಳ ಅಕ್ಷರಗಳಿಗೂ ನುಡಿಯಲ್ಲಿ ಶಿಫ್ಟ್ ಬೇಕು. ನೀವು ದಿನವೂ ಬರೆಯುವ 'ಖಾತೆ' ಎಂಬ ಒಂದು ಪದಕ್ಕೇ ಎರಡು ಸಲ ಬೇಕು. ನಡುಗುವ ಎರಡು ಕೈಗಳಿಂದ ಎರಡು ಕೀಲಿಗಳನ್ನು ಒಟ್ಟಿಗೆ ಅದುಮುವ ಕಷ್ಟ ಇಲ್ಲಿ ತಪ್ಪುತ್ತದೆ: ಶಿಫ್ಟ್ ಒತ್ತಿ ಬಿಟ್ಟು, ನಿಧಾನವಾಗಿ ಅಕ್ಷರವನ್ನು ಒತ್ತಿದರಾಯಿತು.

ಡಬಲ್ ಕ್ಲಿಕ್ಕನ್ನು ಮರೆತುಬಿಡಿ. ಫೈಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೌಸ್‌ನಿಂದ ಕೈ ತೆಗೆದು ಎಂಟರ್ ಒತ್ತಿ. ಬಾಣದ ಗುರುತಿನ ವೇಗವನ್ನೂ ತಗ್ಗಿಸಿಕೊಳ್ಳಿ. ಇಷ್ಟಕ್ಕೂ ಹಿಡಿತ ಸಿಗದಿದ್ದರೆ ಮಾತ್ರ ಟ್ರ್ಯಾಕ್‌ಬಾಲ್ ಕೊಳ್ಳುವ ಯೋಚನೆ ಮಾಡಬಹುದು. ಅದರ ಬುಡ ಮೇಜಿನ ಮೇಲೆ ಕದಲದೆ ಕೂರುತ್ತದೆ, ಬೆರಳು ಗುಂಡನ್ನಷ್ಟೇ ಹೊರಳಿಸುತ್ತದೆ.

ಕೆಲಸ ಮಾಡುವಾಗ ಹೆಚ್ಚುವ ನಡುಕವೂ ಸುಮ್ಮನಿದ್ದಾಗ ಕಾಣುವ ಪಾರ್ಕಿನ್ಸನ್ ನಡುಕವೂ ಸಾಮಾನ್ಯವಾಗಿ ಬೇರೆ ಬೇರೆ. ಥೈರಾಯ್ಡ್ ತೊಂದರೆಯಿಂದಲೂ ಕೆಲವು ಔಷಧಿಗಳಿಂದಲೂ ಕೈ ನಡುಗಬಹುದು. ಈವರೆಗೆ ತೋರಿಸಿಲ್ಲವಾದರೆ ನರರೋಗ ತಜ್ಞರಿಗೆ ತೋರಿಸಿ. ಕಾಫಿ ಕಡಿಮೆ ಮಾಡಿದರೆ ಕೆಲವರಿಗೆ ನಡುಕ ತಗ್ಗುವುದುಂಟು.

ಮಂಡಿಯ ಕಂಪ್ಯೂಟರನ್ನು ಬೇರೆಯವರೂ ಬಳಸುತ್ತಿದ್ದರೆ ನಿಮಗೆಂದೇ ಪ್ರತ್ಯೇಕ ಲಾಗಿನ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ನಂತರ ಕುಳಿತವರು ಕೀಬೋರ್ಡ್ ಕೆಟ್ಟಿದೆಯೆಂದು ರಿಪೇರಿಗೆ ಕಳುಹಿಸಿಯಾರು.